ಬಟನ್‌ಗೊಂದು ನ್ಯಾಯ, ಮದ್ದಿಗೊಂದು ನ್ಯಾಯ

ಕಳೆದ ಸಲ ದುಂಡಸಿಗೆ ಹೋದಾಗ ಅವ್ವ ಮೊಣಕಾಲು ಮಡಚಿ ಕೂತು ತೋರಿಸಿದಳು. “ನೋಡಪಾ, ಆ ಎಣ್ಣಿ ಹಚ್ಚಿದ ಮ್ಯಾಲೆ ಹದಿನೈದ ದಿನದಾಗ ನೋವು ಹೋತು.” ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು, ಹೊಲದಲ್ಲಿ ಕಳೆ ತೆಗೆಯೋ ಕೆಲಸವೂ ಮುಗಿದಿತ್ತು. ನೋವು ಹೋಗಿದ್ದು ಎಣ್ಣೆಯಿಂದಲೋ, ವಿಶ್ರಾಂತಿಯಿಂದಲೋ? ಕೇಳಿದರೆ, “ಸಾಲಿ ಕಲಿತದ್ದು ಹೆಚ್ಚಾತು ನಿನಗ” ಅಂದಳು.

ಅವ್ವನ ಮೇಲೆ ಸಿಟ್ಟಿಲ್ಲ. ಸಿಟ್ಟು ನಮ್ಮಂಥವರ ಮೇಲೆ. ಬಟನ್ ಹಸಿರಿರಲೋ ನೀಲಿಯಿರಲೋ ಎಂದು ತೀರ್ಮಾನಿಸಲು ಆಫೀಸಿನಲ್ಲಿ ಎ/ಬಿ ಟೆಸ್ಟ್ ಮಾಡ್ತೀವಿ. ಯಾರಿಗೆ ಯಾವುದು ಕಾಣಬೇಕು ಅನ್ನೋದನ್ನ ನಾವು ಆರಿಸೋದಿಲ್ಲ, ರ‍್ಯಾಂಡಮ್ ಆಗಿ ಬೀಳುತ್ತೆ. ಅದೇ ನಾವು “ನೂರಕ್ಕೆ ನೂರು ಗುಣ” ಅನ್ನೋ ಕಷಾಯವನ್ನು ಹಿಂದೆಮುಂದೆ ನೋಡದೆ ಫಾರ್ವರ್ಡ್ ಮಾಡ್ತೀವಿ.

ಸರ್ಕಾರದ್ದೂ ಇದೇ ಕಥೆ. ನಮ್ಮ ಹಾನಗಲ್ಲಿನ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. 1990–92ರಲ್ಲಿ ರಾಜ್ಯದ ಮೂರು ಜಿಲ್ಲೆಗಳಲ್ಲಿ ಲಸಿಕೆ ಹಾಕಿ ನೋಡಿದರು. ಎರಡು ಡೋಸಿಗೆ ಶೇ 93.5 ರಕ್ಷಣೆ ಎಂಬ ಲೆಕ್ಕ ಬಂತು. ಆದರೆ ಅಲ್ಲಿ ಹೋಲಿಸಿದ್ದು ಹಾಕಿಸಿಕೊಂಡವರನ್ನು, ಹಾಕಿಸಿಕೊಳ್ಳದವರ ಜೊತೆ. ಚೀಟಿ ಎತ್ತಿ ಮಾಡಿದ ಗುಂಪುಗಳಲ್ಲ. ಲಸಿಕೆಗೆ ಬರುವವರು ಯಾರು? ಉಣ್ಣೆ ಕಚ್ಚದಂತೆ ಮೊದಲೇ ಹುಷಾರಾಗಿರೋರೋ, ದಿನಾ ಕಾಡಿಗೆ ಹೋಗೋ ಭಯದಿಂದ ಬಂದೋರೋ? ಮೊದಲಿನವರಾದರೆ ಲಸಿಕೆಗೆ ಇಲ್ಲದ ಕೀರ್ತಿ. ಎರಡನೆಯವರಾದರೆ ಇರುವ ಕೀರ್ತಿಗೂ ಕತ್ತರಿ. 2005–10ರ ಲೆಕ್ಕ ನೋಡಿದಾಗ ಎರಡು ಡೋಸಿನ ರಕ್ಷಣೆ ಶೇ 62ರಷ್ಟೇ ಇತ್ತು. 2022ರಲ್ಲಿ ಆ ಲಸಿಕೆಯೇ ನಿಂತಿತು.

“ಹಾಗಾದ್ರೆ ಬಡವರಿಗೆ ಸುಳ್ಳು ಇಂಜೆಕ್ಷನ್ ಕೊಡೋದಾ?” ಅಂತ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದರೆ ಮದ್ರಾಸಿನ ಹತ್ತಿರ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಬಿಸಿಜಿ ಪರೀಕ್ಷೆಯಲ್ಲಿ ಹಾಗೇ ಮಾಡಿದ್ದರು. ಯಾರಿಗೆ ಯಾವುದು ಬಿತ್ತೆಂದು ಚುಚ್ಚಿದವರಿಗೂ ಗೊತ್ತಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಬಿಸಿಜಿ ತಡೆಯಾಗಲಿಲ್ಲ ಎಂಬ ಕಹಿ ಸತ್ಯ ಹೊರಬಿದ್ದಿದ್ದು ಹಾಗೆ. ಸುಳ್ಳು ಲಸಿಕೆ ಬೇಡವೆಂದರೆ ಇನ್ನೊಂದು ದಾರಿಯಿದೆ: ಎಲ್ಲರಿಗೂ ಒಮ್ಮೆಗೇ ಸಾಲದಿದ್ದಾಗ ಯಾವ ಊರಿಗೆ ಮೊದಲು ಅನ್ನೋದನ್ನ ಶಿಫಾರಸಿಗೆ ಬಿಡದೆ ಚೀಟಿಗೆ ಬಿಡಿ. ಅದರಲ್ಲಿ ಯಾರಿಗೆ ಅನ್ಯಾಯ?

ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸ ನಡೆದಿದೆ. ಬಟನ್ ಬಣ್ಣಕ್ಕೆ ಸಿಗೋ ಮರ್ಯಾದೆ ಕಾಡಂಚಿನ ಜೀವಕ್ಕೂ ಸಿಗಲಿ.

ಅವ್ವನಿಗೆ ಎಣ್ಣೆ ಬಿಡು ಅನ್ನೋದಿಲ್ಲ. ಬರೋ ಮಳೆಗಾಲಕ್ಕೆ ಚೀಟಿ ಎತ್ತಿ ಒಂದೇ ಕಾಲಿಗೆ ಹಚ್ಚು ಅಂತೀನಿ.