ಲೆಕ್ಕದೊಳಗಿನ ಕನ್ನಡ

ಕೆಲವು ವರ್ಷಗಳ ಹಿಂದಿನ ಮಾತು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದ ಮರುದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದರು. ಕೈಯಲ್ಲಿ ಮಗಳ ಗಣಿತದ ಪತ್ರಿಕೆ. “ಕೂಡೋದು, ಕಳೆಯೋದು, ಸಮೀಕರಣ ಬಿಡಿಸೋದು ಎಲ್ಲಾ ಸರಿ ಮಾಡಿದಾಳೆ ಸಾರ್. ಮಾತಿನ ಲೆಕ್ಕ ಬಂದ ಕಡೆ ಹಾಳೆ ಖಾಲಿ. ಲೆಕ್ಕ ಇವಳ ತಲೆಗೆ ಹತ್ತಲ್ಲ ಅನ್ಸುತ್ತೆ. ಹತ್ತನೇ ಕ್ಲಾಸು ಮುಗಿಸಲಿ, ಆಮೇಲೆ ಹೊಲಿಗೆ ಕಲಿಯೋಕೆ ಸೇರಿಸ್ತೀನಿ” ಎಂದರು. ಹುಡುಗಿ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದಳು.

ಪತ್ರಿಕೆ ತಿರುವಿದೆ. ಮಾತಿನ ಲೆಕ್ಕಗಳಲ್ಲಿ ಒಂದನ್ನು ಮಾತ್ರ ಅವಳು ಮುಟ್ಟಿದ್ದಳು. ‘ಅಕ್ಕನ ಬಳಿ 24 ಪುಸ್ತಕಗಳಿವೆ. ಇದು ತಮ್ಮನ ಬಳಿ ಇರುವುದಕ್ಕಿಂತ 6 ಹೆಚ್ಚು. ತಮ್ಮನ ಬಳಿ ಎಷ್ಟು ಪುಸ್ತಕಗಳಿವೆ?’ ಅವಳು 24ಕ್ಕೆ 6 ಕೂಡಿಸಿ 30 ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ.

“ಯಾಕಮ್ಮಾ ಕೂಡಿಸಿದೆ?” ಎಂದು ಕೇಳಿದೆ.

“ನೀವೇ ಹೇಳಿದ್ರಲ್ಲಾ ಸಾರ್, ‘ಹೆಚ್ಚು’ ಅಂತ ಬಂದರೆ ಕೂಡಿಸಬೇಕು ಅಂತ.”

ಹೌದು, ಹೇಳಿದ್ದೆ. ಎಷ್ಟೋ ವರ್ಷ ಕಪ್ಪುಹಲಗೆಯ ಮೂಲೆಯಲ್ಲಿ ಒಂದು ಪಟ್ಟಿ ಬರೆಯುತ್ತಿದ್ದೆ: ‘ಹೆಚ್ಚು’ ಎಂದರೆ ಕೂಡು, ‘ಕಡಿಮೆ’ ಎಂದರೆ ಕಳೆ, ‘ಅಷ್ಟು’ ಎಂದರೆ ಗುಣಿಸು. ಕಲಿಸುವವರಿಗೂ ಸುಲಭ, ಕಲಿಯುವವರಿಗೂ ಸುಲಭ. ಆದರೆ ಆ ಪಟ್ಟಿ ಹಿಡಿದ ಮಗು ವಾಕ್ಯವನ್ನು ಓದುವುದೇ ಇಲ್ಲ; ಅದರಲ್ಲಿ ಒಂದು ಪದವನ್ನು ಹುಡುಕುತ್ತದೆ. ಅಕ್ಕನ ಪುಸ್ತಕಗಳು ಹೆಚ್ಚು ಎಂದು ವಾಕ್ಯ ಹೇಳುತ್ತಿದೆ. ತಮ್ಮನ ಬಳಿ 30 ಇರುವುದು ಹೇಗೆ ಸಾಧ್ಯ? ತಮ್ಮನ ಪುಸ್ತಕಗಳ ಸಂಖ್ಯೆಯನ್ನು ‘ಅ’ ಎಂದುಕೊಂಡರೆ, ವಾಕ್ಯ ಹೇಳುವುದು ಇಷ್ಟೇ: ಅ + 6 = 24. ಆದ್ದರಿಂದ ಅ = 18.

ನಿಮ್ಮ ಪುಸ್ತಕದಲ್ಲಿ ‘ಎಕ್ಸ್’ ಎಂದಿರುತ್ತದೆ. ಇಲ್ಲಿ ನಾನು ‘ಅ’ ಎಂದು ಬರೆಯುತ್ತೇನೆ. ಅವ್ಯಕ್ತ ಎಂಬುದರ ಮೊದಲಕ್ಷರ. 12ನೆಯ ಶತಮಾನದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ತಿಳಿಯದ ರಾಶಿಯನ್ನು ‘ಯಾವತ್ ತಾವತ್’ ಎಂದು ಕರೆದರು. ನಮ್ಮ ಮಾತಿನಲ್ಲಿ ‘ಎಷ್ಟೋ ಅಷ್ಟು’. ಇನ್ನಷ್ಟು ಅವ್ಯಕ್ತಗಳು ಬೇಕಾದಾಗ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿಟ್ಟರು. ಅಕ್ಷರ ಯಾವುದಾದರೂ ಆಗಬಹುದು. ಆದರೆ ಅದು ಒಂದು ಸಂಖ್ಯೆಗೆ ಇಟ್ಟ ಹೆಸರು ಎಂಬುದನ್ನು ಮರೆಯಬಾರದು.

ಇದನ್ನು ಮರೆತರೆ ದೊಡ್ಡವರೂ ಎಡವುತ್ತಾರೆ. ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಪ್ರಶ್ನೆ ಕೊಟ್ಟು, ಫಲಿತಾಂಶವನ್ನು 1981ರಲ್ಲಿ ಪ್ರಕಟಿಸಿದರು. ‘ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ. ಇದನ್ನು ಸಮೀಕರಣವಾಗಿ ಬರೆಯಿರಿ.’ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪಿದರು! ತಪ್ಪಿದವರಲ್ಲಿ ಬಹುಪಾಲು ಜನ ಬರೆದದ್ದು 6ವ = ಪ. ‘ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ’ ಎಂದು ಅವರು ಓದಿಕೊಂಡಿರಬೇಕು. ಅವರಿಗೆ ‘ವ’ ಎಂದರೆ ವಿದ್ಯಾರ್ಥಿ. ಅಸಲಿಗೆ ‘ವ’ ಎಂದರೆ ವಿದ್ಯಾರ್ಥಿಗಳ ಸಂಖ್ಯೆ. ಪ್ರಾಧ್ಯಾಪಕರು 10 ಮಂದಿ ಎಂದುಕೊಳ್ಳಿ, ವಿದ್ಯಾರ್ಥಿಗಳು 60. ಈಗ 6 × 60 ಎಂಬುದು 10 ಆಗುವುದೇ? ಸರಿಯಾದ ಸಮೀಕರಣ ವ = 6ಪ. ಆದ್ದರಿಂದ ‘ಅ = ತಮ್ಮ’ ಎಂದು ಎಂದೂ ಬರೆಯಬೇಡಿ. ‘ಅ = ತಮ್ಮನ ಬಳಿ ಇರುವ ಪುಸ್ತಕಗಳ ಸಂಖ್ಯೆ’ ಎಂದು ಪೂರ್ತಿ ಬರೆಯಿರಿ.

ಇನ್ನು ವಾಕ್ಯವನ್ನು ಓದುವ ಬಗೆ. ಕನ್ನಡ ಪಾಠದಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು ಗಣಿತದ ಪರೀಕ್ಷೆಯಲ್ಲಿ ಕೈ ಹಿಡಿಯುತ್ತವೆ ಎಂದರೆ ನಂಬುತ್ತೀರಾ? ಈ ಎರಡು ವಾಕ್ಯಗಳನ್ನು ನೋಡಿ:

ಒಂದು ಸಂಖ್ಯೆಯಿಂದ 20ನ್ನು ಕಳೆಯಿರಿ: ಅ − 20.
ಒಂದು ಸಂಖ್ಯೆಯನ್ನು 20ರಿಂದ ಕಳೆಯಿರಿ: 20 − ಅ.

ಪದಗಳು ಅವೇ, ಕ್ರಮವೂ ಅದೇ. ಬದಲಾದದ್ದು ‘ಅನ್ನು’, ‘ಇಂದ’ ಎಂಬ ಬಾಲಗಳು ಮಾತ್ರ. ಕಳೆಯುವಾಗ ‘ಇಂದ’ ಹತ್ತಿದ ಸಂಖ್ಯೆ ಮೊದಲು ಬರುತ್ತದೆ. ಆದರೆ ಭಾಗಿಸುವಾಗ ಎಚ್ಚರ! ‘ಒಂದು ಸಂಖ್ಯೆಯನ್ನು 5ರಿಂದ ಭಾಗಿಸಿ’ ಎಂದರೆ ಅ/5. ಇಲ್ಲಿ ‘ಇಂದ’ ಹತ್ತಿದ ಸಂಖ್ಯೆ ಕೆಳಗೆ ಹೋಗುತ್ತದೆ.

ಆವರಣ ಚಿಹ್ನೆಯೂ ವಾಕ್ಯದಲ್ಲೇ ಅಡಗಿರುತ್ತದೆ. ‘ಒಂದು ಸಂಖ್ಯೆಯ ಎರಡರಷ್ಟಕ್ಕೆ 3 ಕೂಡಿಸಿ’ ಎಂದರೆ 2ಅ + 3. ‘ಒಂದು ಸಂಖ್ಯೆಗೆ 3 ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ’ ಎಂದರೆ 2(ಅ + 3). ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಕೇಳಿಕೊಂಡರೆ ಆವರಣ ತಾನೇ ಬರುತ್ತದೆ. ಇವು ಇನ್ನೂ ಬೀಜೋಕ್ತಿಗಳು. ‘17 ಆಗುತ್ತದೆ’ ಎಂಬ ಕ್ರಿಯಾಪದ ಬಂದು ಕೂಡಿದಾಗ ವಾಕ್ಯ ಪೂರ್ಣವಾಗಿ, ಬೀಜೋಕ್ತಿ ಸಮೀಕರಣವಾಗುತ್ತದೆ.

ಮಕ್ಕಳನ್ನು ಕಾಡುವ ವಯಸ್ಸಿನ ಲೆಕ್ಕವನ್ನೇ ತೆಗೆದುಕೊಳ್ಳಿ. ‘ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು. 12 ವರ್ಷಗಳ ನಂತರ ಎರಡರಷ್ಟಾಗುತ್ತದೆ.’ ಮಗನ ಈಗಿನ ವಯಸ್ಸು ಅ, ತಂದೆಯದು 3ಅ. ಪ್ರತಿವರ್ಷ ಹಲವರು 3ಅ + 12 = 2ಅ ಎಂದು ಬರೆಯುತ್ತಾರೆ. ತಂದೆಗೆ ಮಾತ್ರ ವಯಸ್ಸಾಗುತ್ತದೆಯೇ, ಮಗನಿಗೆ ಆಗುವುದಿಲ್ಲವೇ? ಇದನ್ನು ಬಿಡಿಸಿದರೆ ಮಗನ ವಯಸ್ಸು −12 ಬರುತ್ತದೆ. ಅವನಿನ್ನೂ ಹುಟ್ಟಿಯೇ ಇಲ್ಲ! ಸರಿಯಾದದ್ದು 3ಅ + 12 = 2(ಅ + 12). ಮಗನಿಗೆ 12, ತಂದೆಗೆ 36. ಹನ್ನೆರಡು ವರ್ಷ ಕಳೆದರೆ 24 ಮತ್ತು 48. ಹೀಗೆ ಉತ್ತರವನ್ನು ಮೂಲ ವಾಕ್ಯದಲ್ಲೇ ಇಟ್ಟು ತಾಳೆ ನೋಡಬೇಕು. ತಪ್ಪು ಸಮೀಕರಣದಲ್ಲಿಟ್ಟರೆ ತಪ್ಪು ಉತ್ತರವೂ ಸರಿಹೋಗಿಬಿಡುತ್ತದೆ.

ಅಸಮತೆಗಳಲ್ಲಿ ಮೋಸ ಮಾಡುವ ಪದ ‘ಕನಿಷ್ಠ’. ಕಿವಿಗೆ ‘ಕಡಿಮೆ’ ಎಂದು ಕೇಳಿಸಿ ಮಕ್ಕಳು < ಚಿಹ್ನೆ ಹಾಕುತ್ತಾರೆ. ಕನಿಷ್ಠ 40 ಎಂದರೆ 40 ಅಥವಾ ಅದಕ್ಕಿಂತ ಹೆಚ್ಚು, ಚಿಹ್ನೆ ≥. ‘ಗರಿಷ್ಠ’, ‘ಮೀರಬಾರದು’ ಎಂದಿದ್ದರೆ ≤. ಶಾಲಾ ಪ್ರವಾಸಕ್ಕೆ ಬಸ್ಸಿನ ಬಾಡಿಗೆ 13000 ರೂ., ಒಬ್ಬರಿಂದ 300 ರೂ. ವಸೂಲಿ, ಬಸ್ಸಿನಲ್ಲಿ 50 ಸೀಟು ಎಂದುಕೊಳ್ಳಿ. ಬಾಡಿಗೆ ಹುಟ್ಟಬೇಕಾದರೆ 300ಅ ≥ 13000, ಅಂದರೆ ಅ ≥ 43⅓. ಮೂರರಲ್ಲೊಂದು ಪಾಲು ಹುಡುಗ ಪ್ರವಾಸಕ್ಕೆ ಬರುವುದಿಲ್ಲವಾದ್ದರಿಂದ ಕನಿಷ್ಠ 44 ಮಂದಿ ಬೇಕು. ಸೀಟುಗಳ ಲೆಕ್ಕದಲ್ಲಿ 50 ಮೀರಬಾರದು. ಇಲ್ಲಿ ಒಂದೇ ಉತ್ತರವಿಲ್ಲ. 44ರಿಂದ 50ರವರೆಗೆ ಏಳು ಉತ್ತರಗಳಿವೆ.

ಪೋಷಕರಿಗೆ ಒಂದು ಮಾತು. ‘ನಮಗೆ ಬೀಜಗಣಿತ ಬಾರದು, ಮನೆಯಲ್ಲಿ ಏನು ಹೇಳಿಕೊಡೋಣ?’ ಎಂದು ಹಲವರು ಕೇಳುತ್ತಾರೆ. ಬೀಜಗಣಿತ ಬೇಕಿಲ್ಲ. ಮಗು ಲೆಕ್ಕವನ್ನು ಎರಡು ಸಲ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ‘ಏನು ನಡೀತು, ಹೇಳು’ ಎಂದು ಕೇಳಿ. ಯಾರ ಬಳಿ ಹೆಚ್ಚು, ಯಾರ ಬಳಿ ಕಡಿಮೆ, ಕೇಳಿರುವುದು ಏನು ಎಂದು ತನ್ನ ಮಾತಿನಲ್ಲಿ ಹೇಳಲು ಬಂದರೆ ಅರ್ಧ ಲೆಕ್ಕ ಮುಗಿದಂತೆ. ಹೇಳಲು ಬರದಿದ್ದರೆ ಬೈಯಬೇಡಿ, ಇನ್ನೊಮ್ಮೆ ಓದಿಸಿ.

ಅಂದು ಆ ತಂದೆಗೂ ಇದನ್ನೇ ಹೇಳಿದೆ. ತಪ್ಪು ಮಗಳದಲ್ಲ, ನನ್ನ ಪಟ್ಟಿಯದು ಎಂದೂ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಹೇಳಿದ ಮೇಲೆ ಹಗುರವಾಯಿತು. ಮರುದಿನ ಕಪ್ಪುಹಲಗೆಯ ಮೂಲೆಯನ್ನು ಒರೆಸಿದೆ. ಅವರು ಹೆಚ್ಚು ಓದಿದವರಲ್ಲ. ಆದರೂ ದಿನಾ ರಾತ್ರಿ ಊಟವಾದ ಮೇಲೆ ಮಗಳಿಂದ ಒಂದು ಲೆಕ್ಕವನ್ನು ಕಥೆಯಂತೆ ಹೇಳಿಸಿಕೊಂಡರಂತೆ. ವಾರ್ಷಿಕ ಪರೀಕ್ಷೆಯಲ್ಲಿ ಅವಳು ಒಂದು ಮಾತಿನ ಲೆಕ್ಕವನ್ನು ತಪ್ಪು ಮಾಡಿದ್ದಳು. ಆದರೆ ಒಂದನ್ನೂ ಖಾಲಿ ಬಿಟ್ಟಿರಲಿಲ್ಲ. ಅಂಕಪಟ್ಟಿ ತೆಗೆದುಕೊಳ್ಳಲು ಬಂದ ತಂದೆ ಹೊಲಿಗೆಯ ಮಾತೆತ್ತಲಿಲ್ಲ.

ಈ ವಾರದ ಮನೆಗೆಲಸ: ಒಂದು ಪೆನ್ನಿನ ಬೆಲೆ ಒಂದು ನೋಟ್‌ಪುಸ್ತಕದ ಬೆಲೆಗಿಂತ 15 ರೂ. ಕಡಿಮೆ. 4 ನೋಟ್‌ಪುಸ್ತಕ ಮತ್ತು 2 ಪೆನ್ನುಗಳಿಗೆ ಒಟ್ಟು 150 ರೂ. ಆಯಿತು. ಒಂದೊಂದರ ಬೆಲೆ ಎಷ್ಟು? ಪೆನ್ನು ಹಿಡಿಯುವ ಮೊದಲು ಮನೆಯಲ್ಲಿ ಯಾರಿಗಾದರೂ ಈ ಲೆಕ್ಕದ ಕಥೆ ಹೇಳಿ.