ನಿಯಮಕ್ಕಾಗಿ ದೇವಿಯನ್ನೇ ಕೊಂದರು

ಆಟದ ನಿಯಮ ಬದಲಾಯಿತೆಂದು ದೇವತೆಯೊಬ್ಬಳನ್ನು ಕೊಲ್ಲಬೇಕೆ? 2008ರಲ್ಲಿ ಕೊಂದರು. ಡಂಜನ್ಸ್ ಆಂಡ್ ಡ್ರಾಗನ್ಸ್ ಆಟದ ನಾಲ್ಕನೇ ಆವೃತ್ತಿಯಲ್ಲಿ ಮಂತ್ರ ಹಾಕುವ ಲೆಕ್ಕಾಚಾರವೇ ಬೇರೆಯಾಯಿತು. ಆ ಆಟದ ಹೆಸರಾಂತ ಲೋಕ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಮಂತ್ರವಿದ್ಯೆ ನಡೆಯುವುದು ಮಿಸ್ಟ್ರಾ ಎಂಬ ದೇವಿಯ ದೆಸೆಯಿಂದ. ಸರಿ, ಮಿಸ್ಟ್ರಾಳ ಕೊಲೆಯಾಯಿತು. ಮಂತ್ರವೇ ಮಾರಿಯಾಗಿ ದೇಶದೇಶಗಳನ್ನು ನುಂಗಿತು. ಮಂತ್ರವಾದಿಗಳ ನಾಡು ಹಾಲ್ರುವಾ ಸಿಡಿದುಹೋಯಿತು. ಆ ಲೋಕದ ಪಂಚಾಂಗ ಸುಮಾರು ನೂರು ವರ್ಷ ಮುಂದಕ್ಕೆ ಹಾರಿ 1479ಕ್ಕೆ ಬಂದು ನಿಂತಿತು. ಓದುಗರು ಎರಡು ದಶಕ ಕಾದಂಬರಿಗಳಲ್ಲಿ ಬೆನ್ನುಹತ್ತಿದ್ದ ಎಷ್ಟೋ ಮನುಷ್ಯಪಾತ್ರಗಳು ಆ ಜಿಗಿತದಲ್ಲೇ ಮುದಿಯಾಗಿ ಸತ್ತುಹೋದವು, ತಿಥಿಯ ಒಂದು ಪುಟವೂ ಇಲ್ಲದೆ.

ಅಭಿಮಾನಿಗಳು ಕೆರಳಿದರು. ಅವರಿಗೆ ಸಿಕ್ಕ ಉತ್ತರ ಎಲ್ಲರಿಗೂ ಗೊತ್ತಿರುವುದೇ: ನಿಮ್ಮ ಹಳೆಯ ಪುಸ್ತಕವನ್ನೇನೂ ಯಾರೂ ಸುಟ್ಟಿಲ್ಲವಲ್ಲ, ಅದರಲ್ಲೇ ಆಡಿಕೊಳ್ಳಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇಂಥ ಲೋಕ ಕಪಾಟಿನಲ್ಲಿ ಬದುಕುವುದಿಲ್ಲ. ಮೇಜಿನ ಸುತ್ತ ಕೂತ ಐದಾರು ಜನರ ನಡುವೆ ಬದುಕುತ್ತದೆ. ಹೊಸದಾಗಿ ಬಂದು ಕೂರುವವರು ಹೊಸ ಪುಸ್ತಕ ಓದಿರುತ್ತಾರೆ. ಅವರಿಗೆ ಗೊತ್ತಿರುವ ಊರು ನಿಮ್ಮ ಊರಲ್ಲ. ಮಾತಾಡುವವರು ಕಡಿಮೆಯಾದ ಭಾಷೆಗೆ ನಿಘಂಟು ಉಳಿದಿದೆಯಲ್ಲ ಎಂದು ಸಮಾಧಾನ ಹೇಳಿದ ಹಾಗೆ ಇದು.

ಹಾಗೆಂದು "ಏನನ್ನೂ ಮುಟ್ಟಬೇಡಿ" ಎನ್ನುವ ಗುಂಪಿನಲ್ಲಿ ನಾನಿಲ್ಲ. ಮಹಾಭಾರತದ ಕನ್ನಡ ರೂಪಗಳ ಮೇಲೆ ಸಂಶೋಧನೆ ಮಾಡುವವಳು ಹಾಗೆ ಹೇಳಿದರೆ ನಗೆಪಾಟಲು. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆದರೆ ಉಳಿದ ನಾಲ್ವರು ಗಂಡಂದಿರು ಏಕಿಲ್ಲ ಎಂದು ವಿವರಿಸಲು ಕಥೆಯೊಳಗೆ ಒಂದು ಪ್ರಳಯ ತರಲಿಲ್ಲ. ತನ್ನ ಕಥೆ ಹೀಗೆ ಎಂದು ಹೇಳಿ ಮುಂದೆ ನಡೆದ. ಬದಲಾವಣೆಯ ಹೊಣೆಯನ್ನು ಕವಿ ಹೊತ್ತ, ಪಾತ್ರಗಳ ತಲೆಗೆ ಕಟ್ಟಲಿಲ್ಲ.

ರೆಲ್ಮ್ಸ್‌ನಲ್ಲಿ ಆಗಿದ್ದು ಇದರ ತಿರುವುಮುರುವು, ಅದೂ ಮೊದಲ ಸಲವಲ್ಲ. 1989ರಲ್ಲಿ ಎರಡನೇ ಆವೃತ್ತಿ ಬಂದಾಗ ಹಂತಕರೆಂಬ ಪಾತ್ರವರ್ಗವನ್ನು ನಿಯಮಪುಸ್ತಕದಿಂದ ಕೈಬಿಟ್ಟರು. ಕೂಡಲೇ ಕಥೆಯಲ್ಲಿ ದೇವರುಗಳು ಭೂಮಿಗೆ ಬಿದ್ದು, ಆ ಗದ್ದಲದಲ್ಲಿ ಹಂತಕರೆಲ್ಲ ಒಟ್ಟಿಗೇ ಸತ್ತರು! ಇದು ಪುರಾಣವಲ್ಲ, ಕಚೇರಿಯ ಕಡತ ವಿಲೇವಾರಿ. 2014ರ ಐದನೇ ಆವೃತ್ತಿಯ ಹೊತ್ತಿಗೆ ಕಡತ ಮತ್ತೆ ತೆರೆಯಿತು. ಮಿಸ್ಟ್ರಾ ಮರಳಿದಳು, ಡ್ರಿಜ್ಟ್‌ನ ಸತ್ತ ಗೆಳೆಯರು ಮರುಹುಟ್ಟು ಪಡೆದರು. ಸಾವಿಗೂ ಬೆಲೆಯಿಲ್ಲ, ಮರಳಿ ಬಂದದ್ದಕ್ಕೂ ಬೆಲೆಯಿಲ್ಲ.

ಬೇರೆ ದಾರಿ ಇರಲಿಲ್ಲವೆ? ಇತ್ತು, ಅದೇ ಪ್ರಕಾಶಕರ ಕೈಯಲ್ಲೇ. ಡಾರ್ಕ್ ಸನ್ 1991ರ ಮರುಭೂಮಿ ಲೋಕ. ಅದರ ಕಾದಂಬರಿಗಳು ಮುಗಿಯುವಷ್ಟರಲ್ಲಿ ಆ ಲೋಕದ ಅರ್ಧ ಗುಟ್ಟು ಖಾಲಿಯಾಗಿತ್ತು. 2010ರಲ್ಲಿ ಅದನ್ನು ನಾಲ್ಕನೇ ಆವೃತ್ತಿಗೆ ತಂದವರು ಟೀರ್ ನಗರದ ದೊರೆ ಕಲಕ್ ಸತ್ತ ಕ್ಷಣಕ್ಕೆ ಹಿಂದಿರುಗಿ, ಅಲ್ಲಿಂದಲೇ ಆಡಿ ಎಂದರು. ಮಾರಿಯಿಲ್ಲ, ಪ್ರಳಯವಿಲ್ಲ, ಸಮಜಾಯಿಷಿಯಿಲ್ಲ. ನಿಯಮಗಳು ಅವೇ. ಆದರೂ ಆ ಪುಸ್ತಕವನ್ನು ಹಳಬರು ಬಹುಮಟ್ಟಿಗೆ ಅಕ್ಕರೆಯಿಂದಲೇ ಬರಮಾಡಿಕೊಂಡರು. ಅಭಿಮಾನಿಗಳು ಬದಲಾವಣೆಯ ವೈರಿಗಳು ಎಂಬ ಆರೋಪ ಇಲ್ಲಿಗೆ ಬಿದ್ದುಹೋಗುತ್ತದೆ.

ಅಭಿಮಾನಿಗಳ ಮೇಲೂ ನನ್ನದೊಂದು ತಕರಾರಿದೆ. 2008ರ ಉತ್ಪಾತದಲ್ಲಿ ಮಾಜ್ಟಿಕಾ ಎಂಬ ಇಡೀ ಖಂಡ ಭೂಪಟದಿಂದ ಮಾಯವಾಯಿತು. ಮೆಕ್ಸಿಕೋದ ಮೂಲನಿವಾಸಿಗಳ ನಾಡನ್ನೂ ಅಲ್ಲಿಗೆ ನುಗ್ಗಿದ ಸ್ಪೇನ್ ದಂಡನ್ನೂ ಹೋಲುವಂತೆ ಕಟ್ಟಿದ್ದ ಲೋಕ ಅದು. ಮೊದಲು ಕಥೆಯಲ್ಲಿ ಪರದೇಶದ ಸೈನಿಕರು ಅದನ್ನು ಲೂಟಿ ಮಾಡಿದರು, ಆಮೇಲೆ ಸಂಪಾದಕರು ಕಿತ್ತು ಆ ಜಾಗಕ್ಕೆ ಇನ್ನೊಂದು ನೆಲವನ್ನು ತಂದಿಟ್ಟರು. ನಾನು ಓದಿದ ದೂರುಗಳಲ್ಲಿ ಮಿಸ್ಟ್ರಾಗೆ ಕಣ್ಣೀರಿತ್ತು, ಹಾಲ್ರುವಾಗೆ ಕಣ್ಣೀರಿತ್ತು. ಮಾಜ್ಟಿಕಾದ ಹೆಸರು ಬಂದಾಗ, "ಹೋದರೆ ಹೋಗಲಿ, ಅಲ್ಲಿ ಯಾರು ಆಡುತ್ತಿದ್ದರು" ಎಂಬ ಧಾಟಿಯಿತ್ತು.