ಎರಡು ಗಂಡು, ಒಂದು ಗೂಡು

"ಎರಡು ಗಂಡು ಒಂದ ಗೂಡಿನ್ಯಾಗ ಬಾಳಂಗಿಲ್ಲ ಬಿಡ್ರಿ, ಬ್ಯಾರೆ ಬ್ಯಾರೆ ಇಡ್ರಿ." ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ, ಮನೆಯಲ್ಲಿ ಗಿನಿ ಪಿಗ್ ಸಾಕಿದವರು ಮೊದಲ ಜಗಳವಾದ ಕೂಡಲೇ ಕೇಳುವ ಮಾತು ಇದು. ಮಾರಿದವರೂ ಹೀಗೇ ಹೇಳುತ್ತಾರೆ, ಓಣಿಯ ಹಿರಿಯರೂ ಹೀಗೇ ಹೇಳುತ್ತಾರೆ. ಅಲ್ಲಿಂದ ಒಂದು ಪಡಸಾಲೆಯಲ್ಲಿ, ಇನ್ನೊಂದು ಹಿತ್ತಲಲ್ಲಿ. ಐದರಿಂದ ಎಂಟು ವರ್ಷ ಬಾಳುವ ಜೀವಕ್ಕೆ ನಾಲ್ಕು ತಿಂಗಳಿಗೇ ಒಂಟಿತನದ ಶಿಕ್ಷೆ.

ಇದು ಸಲ್ಲದು ಎಂಬುದು ನನ್ನ ವಾದ. ಗಂಡಿಗೆ ಗಂಡು ಆಗಿಬರುವುದಿಲ್ಲ ಎಂದು ಹುಟ್ಟುಗುಣದ ಮೇಲೆ ದೂರು ಹಾಕಿದರೆ ಸಾಕಿದವನ ಹೊಣೆ ಅಲ್ಲಿಗೆ ಮುಗಿದುಹೋಗುತ್ತದೆ. ಎಷ್ಟು ಜಾಗ ಕೊಟ್ಟೆವು, ಯಾವ ವಯಸ್ಸಿನಲ್ಲಿ ಕೂಡಿಸಿದೆವು, ಕೂಡಿ ಬಾಳುವುದನ್ನು ಆ ಮರಿ ಯಾರಿಂದ ಕಲಿಯಬೇಕಿತ್ತು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಎರಡು ಗಂಡು ಯಾಕೆ ಬೇಕು, ಒಂದು ಗಂಡು ಒಂದು ಹೆಣ್ಣು ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ಹೆಣ್ಣು ಗಿನಿ ಪಿಗ್ ಸುಮಾರು 60ರಿಂದ 70 ದಿನ ಗಬ್ಬವಿದ್ದು ಮರಿ ಹಾಕುತ್ತದೆ, ಹಾಕಿದ ಕೆಲವೇ ತಾಸುಗಳಲ್ಲಿ ಮತ್ತೆ ಗಬ್ಬ ಕಟ್ಟಬಲ್ಲದು. ಗಂಡು ಮರಿಯನ್ನು ಮೂರು ವಾರಕ್ಕೇ ತಾಯಿಯಿಂದ ಬಿಡಿಸದಿದ್ದರೆ ತಾಯಿ, ತಂಗಿಯರ ಮೇಲೇ ಏರುವ ವಯಸ್ಸು ಬಂದುಬಿಡುತ್ತದೆ. ವರ್ಷ ತಿರುಗುವುದರೊಳಗೆ ಮನೆ ತುಂಬ ಮರಿ, ಕೊಂಡೊಯ್ಯುವವರಿಲ್ಲ. ಹುಟ್ಟಿದ ಮರಿಗಳಲ್ಲಿ ಸುಮಾರು ಅರ್ಧ ಗಂಡೇ. ಅವು ಒಂದರ ಜೊತೆ ಒಂದು ಬಾಳುವ ದಾರಿ ಹುಡುಕದಿದ್ದರೆ ಈ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಒಂಟಿ ಪಂಜರಕ್ಕೆ ಬರೆದುಕೊಟ್ಟಂತೆ.

ಒಂಟಿಯಾಗಿದ್ದರೆ ಏನಾಯಿತು, ಹೊಟ್ಟೆಗೆ ಹಾಕುತ್ತೇವಲ್ಲ ಎಂಬ ಮಾತೂ ಉಂಟು. ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಮನುಷ್ಯರು ಸಾಕಿಕೊಂಡು ಬಂದ ಈ ಪ್ರಾಣಿ ಗುಂಪಿನಲ್ಲಿಯೇ ಬಾಳುವಂಥದ್ದು. ಗುರುಗುಟ್ಟಿ, ಕೀಚಲು ದನಿ ತೆಗೆದು, ಮೂಗಿಗೆ ಮೂಗು ತಾಗಿಸಿ ಇಡೀ ದಿನ ಜೊತೆಗಾರನೊಂದಿಗೆ ಮಾತಾಡುತ್ತಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿ ಸಂರಕ್ಷಣಾ ನಿಯಮಗಳು ಗಿನಿ ಪಿಗ್ಗಿಗೆ ಅದರದೇ ಜಾತಿಯ ಜೊತೆ ಇರಬೇಕೆಂದು ವಿಧಿಸಿವೆ. ನಮ್ಮಲ್ಲಿ ಅಂಥ ನಿಯಮವಿಲ್ಲ. ಆದರೆ ಕೈಕಾಲು ಆಡಿಸಲು ಎಡೆಯಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು. ಸಹಜ ನಡವಳಿಕೆಗೆ ಅವಕಾಶ ಇರಬೇಕು ಎಂಬುದು ಅವುಗಳಲ್ಲೊಂದು. ಆ ಕ್ರೀಡೆಯ ವಿಷಯ ಮುಂದೆ ಬೇರೆ ದಾರಿ ಹಿಡಿಯಿತು, ಆದರೆ ಈ ತತ್ವಕ್ಕೆ ಬೆಲೆ ಇದ್ದೇ ಇದೆ. ಗುಂಪಿನ ಪ್ರಾಣಿಗೆ ಜೊತೆಯಿಲ್ಲದ ಮೇಲೆ ಸಹಜ ನಡವಳಿಕೆ ಎಲ್ಲಿಂದ ಬರಬೇಕು?

ಈಗ ಜಗಳದ ಮೂಲಕ್ಕೆ ಬರೋಣ. ಜರ್ಮನಿಯ ಪ್ರಾಣಿವರ್ತನಾ ವಿಜ್ಞಾನಿ ನಾರ್ಬರ್ಟ್ ಸಾಕ್ಸರ್ ಮತ್ತು ಅವರ ಸಂಗಡಿಗರು ಗಂಡು ಗಿನಿ ಪಿಗ್ಗುಗಳನ್ನೇ ಹಿಡಿದು ಬಹುಕಾಲ ಅಧ್ಯಯನ ಮಾಡಿದ್ದಾರೆ. ದೊಡ್ಡ ಗುಂಪಿನಲ್ಲಿ, ಹಿರಿಯ ಗಂಡುಗಳ ನಡುವೆ ಬೆಳೆದ ಗಂಡುಗಳು ಮುಂದೆ ಗುರುತಿಲ್ಲದ ಗಂಡು ಎದುರಾದರೂ ಹೆಚ್ಚು ಕಾದಾಡದೆ ಹೊಂದಿಕೊಂಡವು. ಬೇರೆ ಗಂಡಿನ ಮುಖವನ್ನೇ ಕಾಣದೆ ಬೆಳೆದವು ಕಚ್ಚಾಟಕ್ಕಿಳಿದವು, ಅವುಗಳ ಮೈಯಲ್ಲಿ ಒತ್ತಡದ ಹಾರ್ಮೋನು ಬಹಳ ಏರಿತು. ವ್ಯತ್ಯಾಸ ಹುಟ್ಟಿದ್ದು ಹರೆಯದಲ್ಲಿ. ಗುಂಪಿನೊಳಗಿನ ಎಳೆಯ ಗಂಡು ಮೀಸೆ ಮೂಡುವ ವಯಸ್ಸಿಗೆ ಹಿರಿಯನ ಎದುರು ನಿಲ್ಲುತ್ತದೆ, ಗದರಿಸಿಕೊಳ್ಳುತ್ತದೆ, ಯಾವಾಗ ಹಿಂದೆ ಸರಿಯಬೇಕೆಂದು ತಿಳಿಯುತ್ತದೆ. ಹಿಂದೆ ಸರಿಯುವುದನ್ನು ಆಗ ಕಲಿಯದಿದ್ದ ಪ್ರಾಣಿ ದೊಡ್ಡದಾದ ಮೇಲೆ ಪ್ರತಿ ಭೇಟಿಯನ್ನೂ ಯುದ್ಧ ಮಾಡಿಕೊಳ್ಳುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇದು.

ಮುಂಡರಗಿ, ಶಿರಹಟ್ಟಿ ಕಡೆಯ ಎರಿ ಹೊಲದ ರೈತರಿಗೆ ಈ ಮಾತನ್ನು ಜರ್ಮನಿಯಿಂದ ತಂದು ಹೇಳಬೇಕಾಗಿಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ಅದೇ ವಯಸ್ಸಿನ ಇನ್ನೊಂದು ಹೋರಿಯ ಜೊತೆ ನೊಗಕ್ಕೆ ಹೂಡುವುದಕ್ಕಿಂತ, ಉತ್ತು ಬಿತ್ತಿ ನುರಿತ ಎತ್ತಿನ ಜೋಡಿ ಹೂಡುವುದು ರೂಢಿ. ಹೋರಿ ಎಳೆದಾಡಿದರೆ ಹಳೆಯ ಎತ್ತು ಜಗ್ಗದೆ ನಿಲ್ಲುತ್ತದೆ, ಹೊರಟರೆ ಹದವಾಗಿ ಹೆಜ್ಜೆ ಹಾಕುತ್ತದೆ. ಗ್ವಾದಲಿಯ ಮುಂದೆ ಅಕ್ಕಪಕ್ಕ ಕಟ್ಟಿ ಒಂದೇ ಕಣಿಕಿ ಹಾಕುತ್ತಾರೆ. ಎಡಕ್ಕೆ ಹೂಡಿದ್ದನ್ನು ಎಡಕ್ಕೇ, ಬಲಕ್ಕೆ ಹೂಡಿದ್ದನ್ನು ಬಲಕ್ಕೇ ಹೂಡುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಮಣ್ಣಿನ ಎತ್ತೂ ಜೋಡಿಯೇ, ಒಂಟಿ ಎತ್ತನ್ನು ಯಾರೂ ಪೂಜೆಗೆ ಕೂಡಿಸುವುದಿಲ್ಲ. ಗಂಡು ಗಂಡನ್ನು ಕೂಡಿಸುವ ವಿದ್ಯೆ ಈ ಸೀಮೆಗೆ ಇಷ್ಟು ಚೆನ್ನಾಗಿ ಗೊತ್ತಿದ್ದೂ ಪುಟ್ಟ ಪ್ರಾಣಿಯ ವಿಷಯದಲ್ಲಿ "ಬಾಳಂಗಿಲ್ಲ" ಎಂದು ಕೈ ಚೆಲ್ಲುತ್ತೇವೆ. ಹೊಲಗಳಲ್ಲಿ ಮೇಯುವ ಚಿಗರಿಗಳನ್ನಾದರೂ ನೋಡಿ. ತನ್ನದೆಂದು ಜಾಗ ಹಿಡಿದು ಕಾಯುವ ಕರಿಗಂಡು ಇನ್ನೊಂದು ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ನಿಜ. ಜಾಗ ಹಿಡಿಯದ ಗಂಡುಗಳು ತಮ್ಮದೇ ಹಿಂಡು ಕಟ್ಟಿಕೊಂಡು ಜೊತೆಯಲ್ಲೇ ಮೇಯುತ್ತವೆ.

ಎತ್ತಿನ ಹೋಲಿಕೆಗೆ ಒಂದು ಮಿತಿಯಿದೆ. ಎತ್ತಿಗೆ ಬೀಜ ಒಡೆಸಿರುತ್ತಾರೆ, ಅದರ ಸಿಟ್ಟು ಅಲ್ಲಿಯೇ ಅರ್ಧ ಇಳಿದಿರುತ್ತದೆ. ಗಿನಿ ಪಿಗ್ಗಿಗೆ ಆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮರಿಯಾಗುವುದು ನಿಲ್ಲುತ್ತದೆ, ಆದರೆ ಬೆಳೆದ ಗಂಡುಗಳ ನಡುವಿನ ಕದನ ನಿಲ್ಲುತ್ತದೆಂಬ ಭರವಸೆಯಿಲ್ಲ. ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಡುವುದೂ ಅಪಾಯದ ಕೆಲಸ. ಇನ್ನು, ಗಿನಿ ಪಿಗ್ಗಿನ ಕಾಡು ಸಂಬಂಧಿಗಳಲ್ಲಿ ಬೆಳೆದ ಎರಡು ಗಂಡುಗಳನ್ನು ಒಂದು ಆವರಣದಲ್ಲಿ ಇಡಲು ಬರುವುದೇ ಇಲ್ಲ. ಸಾಕುತ್ತ ಸಾಕುತ್ತ ಮನುಷ್ಯ ಆ ಉಗ್ರತೆಯನ್ನು ತಗ್ಗಿಸಿದ್ದಾನೆ, ಪೂರ್ತಿ ಅಳಿಸಿಲ್ಲ. ಹಾಗಾಗಿ ಹೇಗಾದರೂ ಇಡಿ, ಹೊಂದಿಕೊಳ್ಳುತ್ತವೆ ಎಂದು ನಾನು ಹೇಳಲಾರೆ. ಕೂಡಿಸುವುದಕ್ಕೆ ಶ್ರಮ ಬೇಕು.

ಆ ಶ್ರಮದಲ್ಲಿ ಮೊದಲನೆಯದು ಜಾಗ. ಅಂಗಡಿಯಲ್ಲಿ ಕೊಡುವ ತಂತಿಯ ಪಂಜರ ಒಂದಕ್ಕೇ ಸಾಲದು, ಅದರ ತಂತಿಯ ತಳ ಅಂಗಾಲನ್ನು ಹುಣ್ಣು ಮಾಡುತ್ತದೆ. ಎರಡು ಗಂಡುಗಳಿಗೆ ಕಡಿಮೆಯೆಂದರೂ ಐದಡಿ ಉದ್ದ, ಎರಡಡಿ ಅಗಲದ ಸಮತಟ್ಟು ನೆಲ ಬೇಕು, ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಫರಸಿ ನೆಲದ ಮೇಲೆ ಹಳೆಯ ಹತ್ತಿ ಬಟ್ಟೆ, ಅದರ ಮೇಲೆ ಒಣಹುಲ್ಲು ಹಾಸಿದರೆ ಬೇಸಿಗೆಗೂ ತಂಪು. ಉಷ್ಣತೆ 28 ಡಿಗ್ರಿ ದಾಟಿದರೆ ಈ ಪ್ರಾಣಿಗೆ ಸಂಕಟ. ಏಪ್ರಿಲ್, ಮೇ ತಿಂಗಳಲ್ಲಿ ಗದಗಿನ ಪತ್ರಾಸಿನ ಸೂರಿನಡಿ ಇಟ್ಟರೆ ಜೀವಕ್ಕೇ ಅಪಾಯ. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರ ಪುಣ್ಯ. ಸೆಕೆಯಲ್ಲಿ ಬೆಂದ ಎರಡು ಗಂಡುಗಳು ಕಚ್ಚಾಡಿದರೆ ಅವುಗಳ ಸ್ವಭಾವವನ್ನು ಹಳಿಯುವುದು ನ್ಯಾಯವಲ್ಲ. ಸಿ ಜೀವಸತ್ವದ ಕೊರತೆಯೂ ಹಾಗೆಯೇ. ಮನುಷ್ಯನಂತೆ ಗಿನಿ ಪಿಗ್ ಕೂಡ ಅದನ್ನು ಮೈಯೊಳಗೆ ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕೀಲು ನೋಯುತ್ತವೆ, ನೊಂದ ಪ್ರಾಣಿ ಮುಟ್ಟಿದವರನ್ನೆಲ್ಲ ಕಚ್ಚುತ್ತದೆ. ದಿನವೂ ಕೊತ್ತಂಬರಿ, ಒಂದು ಚೂರು ಡೊಣ್ಣ ಮೆಣಸಿನಕಾಯಿ, ಬೇಕಾದಷ್ಟು ಕರಕಿ ಹುಲ್ಲು ಹಾಕಿದರೆ ಸಾಕು. ದನಕ್ಕೆ ತಂದ ಕುದುರೆ ಮೆಂತ್ಯವನ್ನು ಬೆಳೆದವಕ್ಕೆ ದಿನಾ ಹಾಕಬಾರದು. ಅದರ ಸುಣ್ಣದಂಶದಿಂದ ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ.

ಕೂಡಿಸುವಾಗ ಇಬ್ಬರದೂ ಅಲ್ಲದ ಜಾಗ ಬೇಕು, ಒಬ್ಬನ ವಾಸನೆ ಮೆತ್ತಿದ ಗೂಡಿನಲ್ಲಿ ಇನ್ನೊಬ್ಬನನ್ನು ಬಿಡಬಾರದು. ಗುಡಿಸಿದ ಪಡಸಾಲೆಯ ನಡುವೆ ಹುಲ್ಲಿನ ರಾಶಿ ಹಾಕಿ ಇಬ್ಬರನ್ನೂ ಒಟ್ಟಿಗೆ ಬಿಟ್ಟು ಕೂತು ನೋಡಬೇಕು. ಒಂದು ಸೊಂಟ ತೂಗುತ್ತ, ಎದೆಯೊಳಗಿಂದ ಗುರ್ ಎನ್ನುತ್ತ ಸುತ್ತು ಹಾಕುತ್ತದೆ. ಬೆನ್ನಟ್ಟುತ್ತದೆ, ಬೆನ್ನೇರುತ್ತದೆ. ಹೆಚ್ಚಿನವರು ಇಲ್ಲಿಯೇ ಹೆದರಿ ಬಿಡಿಸಿಬಿಡುತ್ತಾರೆ. ಹಿರಿಯ ಯಾರು ಎಂಬ ತೀರ್ಮಾನ ನಡೆಯುತ್ತಿರುವಾಗ ಬಿಡಿಸಿದರೆ ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಕತ್ತಿನ ಕೂದಲು ನಿಮಿರಿ, ಹಲ್ಲು ಕಟಕಟ ಎನ್ನತೊಡಗಿದರೆ ಎಚ್ಚರವಿರಬೇಕು. ಎರಡೂ ಮೈಗೆ ಮೈ ಹೆಣೆದು ಉರುಳಿದರೆ ಇಲ್ಲವೇ ರಕ್ತ ಬಂದರೆ ಮಾತ್ರ ದಪ್ಪ ಟವೆಲ್ ಹಾಕಿ ಬೇರ್ಪಡಿಸಬೇಕು. ಬರಿಗೈ ಹಾಕಿದರೆ ಬೆರಳಿಗೆ ಗಾಯ ಖಂಡಿತ. ಗೂಡಿನಲ್ಲಿ ನೀರಿನ ಬಾಟಲಿ, ಬಟ್ಟಲು, ಅಡಗುದಾಣ ಎಲ್ಲವೂ ಎರಡೆರಡು. ಅಡಗುದಾಣಕ್ಕೆ ಎರಡು ಬಾಗಿಲು, ಸೋತವನಿಗೆ ಓಡಿಹೋಗಲು ದಾರಿ ಬೇಕಲ್ಲ. ಮೂರನೆಯ ಗಂಡನ್ನು ತರಬಾರದು. ಹೆಣ್ಣಿನ ವಾಸನೆ ಹತ್ತಿರ ಸುಳಿಯಬಾರದು.

ಇಷ್ಟೆಲ್ಲ ಮಾಡಿಯೂ ಆಗದ ಜೋಡಿಗಳಿವೆ. ಅವುಗಳ ನಡುವೆ ಜಾಳಿಗೆ ಹಾಕಿ ಅಕ್ಕಪಕ್ಕದಲ್ಲೇ ಇಟ್ಟರೆ ಕಚ್ಚಲಾಗದಿದ್ದರೂ ಒಂದರ ದನಿ, ವಾಸನೆ ಇನ್ನೊಂದಕ್ಕೆ ಸಿಗುತ್ತದೆ. ಪಡಸಾಲೆ-ಹಿತ್ತಲಿನ ಬೇರ್ಪಾಟಿಗಿಂತ ಇದು ಎಷ್ಟೋ ಪಾಲು ಮೇಲು.

ಹೊಣೆಯನ್ನು ಸಾಕಿದವರ ಮೇಲಷ್ಟೇ ಹೊರಿಸಿ ಬಿಡುವಂತೆಯೂ ಇಲ್ಲ. ಸಾಕುಪ್ರಾಣಿ ಅಂಗಡಿಗಳಿಗೆಂದೇ 2018ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಂದಿದೆ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿ ನೋಂದಾಯಿಸಬೇಕು. ನೋಂದಣಿ ಕೇಳುವ ಅಧಿಕಾರಿಗಳು ಇನ್ನೆರಡು ಮಾತು ಕೇಳಲಿ: ಮರಿ ಗಂಡೋ ಹೆಣ್ಣೋ ಎಂದು ಸರಿಯಾಗಿ ನೋಡಿ ಕೊಡುತ್ತೀರಾ, ಅದು ಎಷ್ಟು ವಾರದ್ದು ಎಂದು ಬರೆದು ಕೊಡುತ್ತೀರಾ? ಒಂದೇ ವಯಸ್ಸಿನ ಎರಡು ಎಳೆ ಗಂಡುಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಕೊಡುವ ಬದಲು, ತಾಳ್ಮೆಯ ಹಿರಿಯ ಗಂಡೊಂದರ ಜೊತೆ ಎಳೆಯದೊಂದನ್ನು ಅಂಗಡಿಯಲ್ಲೇ ಕೆಲವು ವಾರ ಕೂಡಿಸಿಟ್ಟು ಜೋಡಿಯಾಗಿ ಮಾರಲಿ. ಬೆಲೆ ಸ್ವಲ್ಪ ಹೆಚ್ಚಾದರೂ ಕೊಡುವವರು ಕೊಡುತ್ತಾರೆ. ಎತ್ತಿನ ಸಂತೆಯಲ್ಲಿ ಹೊಂದಿಕೊಂಡ ಜೋಡಿಗೆ ಬಿಡಿ ಎತ್ತುಗಳಿಗಿಂತ ಹೆಚ್ಚಿನ ಬೆಲೆ ಕೊಟ್ಟೇ ನಮ್ಮ ಜನ ಮನೆಗೆ ಹೊಡೆದುಕೊಂಡು ಬರುತ್ತಾರೆ.